ಎಲಾ ಎನ್‌ಚಾಂಟೆಡ್: ಮಕ್ಕಳಿಗೆ ಇಷ್ಟ, ಪುಸ್ತಕ ಓದಿದವರಿಗೆ ಕಷ್ಟ

‘ಎಲಾ ಎನ್‌ಚಾಂಟೆಡ್’ ನೋಡಿದವರ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಎಲ್ಲರೂ ಒಂದೇ ಸಿನಿಮಾ ನೋಡಿದ್ದಾರಾ ಎಂಬ ಅನುಮಾನ ಬರುತ್ತದೆ. ಹತ್ತು-ಹನ್ನೆರಡರ ವಯಸ್ಸಿನವರು ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಾರೆ. ಗೇಲ್ ಕಾರ್ಸನ್ ಲೆವೀನ್ ಅವರ 1997ರ ಕಾದಂಬರಿಯನ್ನು ಮೊದಲೇ ಓದಿ ಮೆಚ್ಚಿದವರಿಗೆ ಅರ್ಧ ಗಂಟೆ ಕೂರುವುದೂ ಹಿಂಸೆ. ಮಕ್ಕಳ ಜೊತೆ ಕೂತ ದೊಡ್ಡವರು ನಗುತ್ತಾರೆ, ಆದರೆ ಗ್ರಾಫಿಕ್ಸ್ ನೋಡಿ ಮುಖ ಕಿವಿಚುತ್ತಾರೆ. ಮೂರೂ ಕಡೆಯವರ ಮಾತಿನಲ್ಲಿ ಹುರುಳಿದೆ. ನನ್ನ ಮಟ್ಟಿಗೆ ವಿಷಯ ಇಷ್ಟು: ಈ ಸಿನಿಮಾ ತಾನೇ ಹಾಕಿಕೊಂಡ ಒಂದು ನಿಯಮವನ್ನು ಬಿಗಿಯಾಗಿ ಹಿಡಿದಿರುವಷ್ಟು ಹೊತ್ತು ತುಂಬ ಚೆನ್ನಾಗಿದೆ. ಅದನ್ನು ಬಿಟ್ಟು ಬೇರೆ ತಮಾಷೆಯ ಹಿಂದೆ ಹೋದಾಗಲೆಲ್ಲ ಸಡಿಲಾಗುತ್ತದೆ.

ಮೊದಲು ಬೇಕಾದ ವಿವರ. 2004ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಅಮೆರಿಕನ್ ಚಿತ್ರ, ಚಿತ್ರೀಕರಣ ಐರ್ಲೆಂಡಿನಲ್ಲಿ. ನಿರ್ದೇಶಕ ಟಾಮಿ ಓಹೇವರ್. ಅವಧಿ 96 ನಿಮಿಷ. ಅಮೆರಿಕದಲ್ಲಿ ಸಿಕ್ಕ ಪ್ರಮಾಣಪತ್ರ ಪಿಜಿ, ಅಂದರೆ ಚಿಕ್ಕ ಮಕ್ಕಳ ಜೊತೆ ದೊಡ್ಡವರೊಬ್ಬರು ಇದ್ದರೆ ಒಳ್ಳೆಯದು. ಎಲಾ ಆಗಿ ಆನ್ ಹ್ಯಾಥವೇ, ರಾಜಕುಮಾರ ಚಾರ್ ಆಗಿ ಹ್ಯೂ ಡ್ಯಾನ್ಸಿ, ಅವನ ಚಿಕ್ಕಪ್ಪ ಸರ್ ಎಡ್ಗರ್ ಆಗಿ ಕೇರಿ ಎಲ್ವೆಸ್. ‘ದ ಪ್ರಿನ್ಸೆಸ್ ಬ್ರೈಡ್’ ಚಿತ್ರದಲ್ಲಿ ಎಲ್ವೆಸ್ ನಾಯಕನಾಗಿದ್ದನ್ನು ನೋಡಿದವರಿಗೆ ಇಲ್ಲಿ ಅವರು ಖಳನಾಗಿ ನಿಲ್ಲುವುದೇ ಒಂದು ಖುಷಿ.

ಈಗ ಆ ನಿಯಮ. ಲುಸಿಂಡಾ ಎಂಬ ಕಿನ್ನರಿ ಹಸುಗೂಸು ಎಲಾಳನ್ನು ನೋಡಲು ಬಂದು ಉಡುಗೊರೆಯಾಗಿ ವಿಧೇಯತೆಯ ವರ ಕೊಡುತ್ತಾಳೆ. ಮಲಗು ಎಂದರೆ ಮಗು ತಕ್ಷಣ ಮಲಗುತ್ತದೆ. ನೋಡಿದವರಿಗೆ ಇದು ವರದಂತೆಯೇ ಕಾಣುತ್ತದೆ. ಆದರೆ ಬೆಳೆಯುತ್ತ ಬಂದಂತೆ ಯಾರು ಏನು ಹೇಳಿದರೂ ಎಲಾ ಮಾಡಲೇಬೇಕು. ಹೇಳಿದವರು ಶತ್ರುವೋ ಮಿತ್ರರೋ, ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಎಂಬುದು ಲೆಕ್ಕಕ್ಕಿಲ್ಲ. ಮನಸ್ಸು ಬೇಡ ಎನ್ನುತ್ತಿದ್ದರೂ ಕೈಕಾಲು ಹೇಳಿದ್ದನ್ನು ಮಾಡಿ ಮುಗಿಸುತ್ತವೆ. ಚಿತ್ರದ ಹಾಸ್ಯವೆಲ್ಲ ಹುಟ್ಟುವುದು ಈ ಎಳೆದಾಟದಲ್ಲೇ, ಮತ್ತು ಅದನ್ನು ಹೊತ್ತು ನಡೆಸಿರುವುದು ಹ್ಯಾಥವೇಯ ದೇಹ. ಅವರ ಮುಖವನ್ನೂ ಕೈಗಳನ್ನೂ ಬೇರೆ ಬೇರೆಯಾಗಿ ಗಮನಿಸಿ. ಕೈ ಆಗಲೇ ವಸ್ತುವಿನತ್ತ ಹೊರಟಿರುತ್ತದೆ, ಕಣ್ಣು ಇನ್ನೂ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿರುತ್ತದೆ. ಗ್ರಾಫಿಕ್ಸ್ ನೆರವಿಲ್ಲದೆ ನಗಿಸುವ ಈ ಕೆಲಸ ಹೊರಗಿನಿಂದ ಕಾಣುವಷ್ಟು ಸುಲಭದ್ದಲ್ಲ. ಸ್ವಲ್ಪ ಹೆಚ್ಚಾದರೆ ಕೀಲುಗೊಂಬೆ, ಸ್ವಲ್ಪ ಕಡಿಮೆಯಾದರೆ ಹುಡುಗಿ ಇಷ್ಟಪಟ್ಟೇ ಮಾಡುತ್ತಿದ್ದಾಳೆ ಅನ್ನಿಸಿಬಿಡುತ್ತದೆ. ಚಿತ್ರ ಸುಮಾರು ಎಂದವರೂ ಹ್ಯಾಥವೇಯನ್ನು ಮೆಚ್ಚುವುದು ಇದಕ್ಕೇ.

ಮಲತಾಯಿ ಡೇಮ್ ಓಲ್ಗಾ, ಆಕೆಯ ಹೆಣ್ಣುಮಕ್ಕಳು ಹ್ಯಾಟಿ ಮತ್ತು ಆಲಿವ್ ಮನೆಗೆ ಬಂದ ಮೇಲೆ ನಿಯಮಕ್ಕೆ ಹಲ್ಲು ಮೂಡುತ್ತದೆ. ಎಲಾ ಹೇಳಿದ್ದನ್ನೆಲ್ಲ ಮಾಡುತ್ತಾಳೆ ಎಂಬುದನ್ನು ಹ್ಯಾಟಿ ಪತ್ತೆಹಚ್ಚುತ್ತಾಳೆ. ಮೊದಲಿಗೆ ಅಂಗಡಿಯಲ್ಲಿ ಕಳ್ಳತನ ಮಾಡಿಸುತ್ತಾಳೆ. ಆಮೇಲೆ ಗೆಳತಿ ಅರೀಡಾಳ ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಸ್ನೇಹ ಕಡಿದುಕೋ ಎಂದು ಅಪ್ಪಣೆ ಕೊಡುತ್ತಾಳೆ. ಕಳ್ಳತನದ ದೃಶ್ಯಕ್ಕೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅರೀಡಾ ದೃಶ್ಯದಲ್ಲಿ ಸುಮ್ಮನಾಗುತ್ತಾರೆ. ಎರಡರಲ್ಲೂ ಇರುವುದು ಅದೇ ನಿಯಮ, ಕೆಲಸ ಮಾತ್ರ ಬೇರೆ. ಅರೀಡಾ ಪಾತ್ರ ಪರ್ಮಿಂದರ್ ನಾಗ್ರಾ ಅವರದು. ಸಿಕ್ಕ ಸಮಯ ತೀರಾ ಕಡಿಮೆ, ಇನ್ನಷ್ಟು ಸಿಗಬೇಕಿತ್ತು. ಈ ಗೆಳೆತನ ಅರಳುವುದನ್ನು ಇನ್ನೊಂದೆರಡು ದೃಶ್ಯದಲ್ಲಿ ತೋರಿಸಿದ್ದರೆ ಅದು ಮುರಿಯುವ ನೋವು ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಹಲವರು ಎತ್ತುವ ಒಂದು ಪ್ರಶ್ನೆ: ಎಲಾ ತನ್ನ ಕಷ್ಟವನ್ನು ಚಾರ್‌ಗೆ ಬಾಯಿಬಿಟ್ಟು ಹೇಳಿಬಿಡಬಾರದೇ? ಉತ್ತರ ಆರಂಭದಲ್ಲೇ ಇದೆ, ಕಣ್ತಪ್ಪಿಹೋಗುವುದು ಸುಲಭ. ಸಾಯುವ ಮುನ್ನ ತಾಯಿ ಈ ವರದ ಗುಟ್ಟನ್ನು ಯಾರಿಗೂ ಹೇಳಕೂಡದು ಎಂದು ಮಗಳಿಗೆ ಹೇಳುತ್ತಾಳೆ. ಬೇರೆ ಯಾವ ಮಗಳಿಗಾದರೂ ಅದು ಬುದ್ಧಿಮಾತು, ಎಲಾಳಿಗೆ ಮಾತ್ರ ಕಟ್ಟಪ್ಪಣೆ. ಕಾಪಾಡಲೆಂದು ಹೇಳಿದ ಮಾತೇ ಮುಂದೆ ಅವಳ ಬಾಯಿ ಕಟ್ಟುತ್ತದೆ. ಈ ಒಂದು ದೃಶ್ಯವನ್ನು ಗಮನವಿಟ್ಟು ನೋಡಿದವರಿಗೆ ಮುಂದಿನ ಗೋಜಲುಗಳಲ್ಲಿ ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತವೆ.

ಚಿತ್ರದ ಅತ್ಯುತ್ತಮ ನಿಮಿಷಗಳು ದೈತ್ಯರ ಮದುವೆಮನೆಯಲ್ಲಿವೆ. ಹಾಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎಲಾ ಹಾಡಲೇಬೇಕು. ಅವಳು ಎತ್ತಿಕೊಳ್ಳುವುದು ಕ್ವೀನ್ ಎಂಬ ಬ್ರಿಟಿಷ್ ರಾಕ್ ತಂಡದ ‘ಸಮ್‌ಬಡಿ ಟು ಲವ್’. ದನಿ ಹ್ಯಾಥವೇಯದೇ, ಬೇರೆಯವರಿಂದ ಹಾಡಿಸಿಲ್ಲ. ಅಪ್ಪಣೆಗೆ ಶುರುವಾದ ಹಾಡು ಮುಂದೆ ಅವಳದೇ ಆಗಿಬಿಡುತ್ತದೆ, ಒತ್ತಾಯ ಎಲ್ಲಿ ಮುಗಿಯಿತು, ಸಂತೋಷ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ಕಥೆಯ ಎರಡೂ ತುದಿಗಳು ಇಲ್ಲಿ ಒಂದೇ ಕಡೆ ಸೇರುತ್ತವೆ. ಪುಸ್ತಕಪ್ರಿಯರಲ್ಲಿ ಹಲವರು ಈ ಹಾಡನ್ನು ಬೇಡದ ತುರುಕುವಿಕೆ ಎನ್ನುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಕಾದಂಬರಿಯಲ್ಲಿ ಎಲಾಳ ಒಳಮನಸ್ಸು ಅವಳದೇ ಮಾತಿನಲ್ಲಿ ಸಿಗುತ್ತದೆ. ಸಿನಿಮಾಗೆ ಆ ಅನುಕೂಲವಿಲ್ಲ, ಒಳಗಿನದನ್ನು ಹೊರಗೆ ತರಲು ಏನಾದರೊಂದು ಬೇಕು. ಈ ಹಾಡು ಆ ಕೆಲಸವನ್ನು ಚೆನ್ನಾಗಿ ಮಾಡಿದೆ.

ಇನ್ನೊಂದು ಎಳೆ ದೊಡ್ಡವರಿಗೆ ಹಿಡಿಸುವಂಥದ್ದು. ಎಡ್ಗರ್ ಆಳ್ವಿಕೆಯಲ್ಲಿ ಎಲ್ಫ್ ಎಂಬ ಮಾಯಾಕುಲದವರು ಕುಣಿದು ಹಾಡಿ ರಂಜಿಸುವ ಕೆಲಸ ಬಿಟ್ಟು ಬೇರೇನೂ ಮಾಡುವಂತಿಲ್ಲ. ದೈತ್ಯರು ಹೊಲದಲ್ಲಿ ಜೀತ ಮಾಡಬೇಕು. ಓಗರ್ ಎಂಬ ರಕ್ಕಸರನ್ನು ಕಾಡಿಗೆ ಅಟ್ಟಲಾಗಿದೆ. ಏಡನ್ ಮೆಕಾರ್ಡಲ್ ಮಾಡಿರುವ ಸ್ಲ್ಯಾನನ್ ಎಂಬ ಎಲ್ಫ್‌ಗೆ ವಕೀಲನಾಗುವ ಆಸೆ, ಕಾನೂನು ಬಿಡುವುದಿಲ್ಲ. ಎಲಾಳ ಶಾಪ ಒಬ್ಬಳ ಮೈಮೇಲಿರುವುದು, ಇವರದು ಇಡೀ ಕುಲದ ಮೇಲಿರುವುದು ಎಂದು ಚಿತ್ರ ಭಾಷಣವಿಲ್ಲದೆ ತೋರಿಸುತ್ತದೆ. ಚಾರ್ ಪಾತ್ರಕ್ಕೂ ಇದರಿಂದಲೇ ತೂಕ ಬರುವುದು: ರಾಜ್ಯ ತನ್ನದಾಗಲಿದೆ, ಆದರೆ ಅದರಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅವನು ಎಲಾಳ ಜೊತೆ ತಿರುಗಾಡಿಯೇ ಕಲಿಯಬೇಕು.

ಸಡಿಲಾಗುವ ಕಡೆಗಳಿಗೆ ಬರೋಣ. 2001ರ ‘ಶ್ರೆಕ್’ ಗೆದ್ದ ಮೇಲೆ ಕಿನ್ನರಿ ಕಥೆಗಳಲ್ಲಿ ಇಂದಿನ ಕಾಲದ ವಸ್ತುಗಳನ್ನು ನುಗ್ಗಿಸುವುದು ರೂಢಿಯಾಯಿತು. ಇಲ್ಲೂ ಹಳೆಗಾಲದ ಊರಿನೊಳಗೆ ಶಾಪಿಂಗ್ ಮಾಲ್ ಇದೆ, ಅದರಲ್ಲಿ ಮರದ ಎಸ್ಕಲೇಟರ್ ಇದೆ, ರಾಜಕುಮಾರನಿಗೆ ಚೀರಾಡುವ ಅಭಿಮಾನಿ ಸಂಘವಿದೆ. ಹ್ಯಾಟಿಯ ದುರಾಸೆ, ಚಾರ್‌ನ ಮುಜುಗರ ಇಂಥದ್ದಕ್ಕೆ ತಳುಕು ಹಾಕಿಕೊಂಡಾಗ ಇವು ನಗಿಸುತ್ತವೆ. ಸುಮ್ಮನೆ ಹಿನ್ನೆಲೆಯಲ್ಲಿ ಹಾದುಹೋದಾಗ ಹಳಸಲು ಅನ್ನಿಸುತ್ತವೆ. ಎರಡನೇ ಸಲ ನೋಡುವಾಗ ಮೊದಲು ಬಣ್ಣಗೆಡುವುದು ಈ ತಮಾಷೆಗಳೇ; ವಿಧೇಯತೆಯ ದೃಶ್ಯಗಳು ಹಾಗೇ ಉಳಿಯುತ್ತವೆ.

ಗ್ರಾಫಿಕ್ಸ್ ಬಗ್ಗೆ ಬರುವ ದೂರು ನ್ಯಾಯವಾದದ್ದು. ಎಡ್ಗರ್‌ನ ಸಲಹೆಗಾರ ಹೆಸ್ಟನ್ ಎಂಬ ಹಾವು ಸ್ಟೀವ್ ಕೂಗನ್ ದನಿಯಲ್ಲಿ ಜೀವಂತ, ಕಣ್ಣಿಗೆ ಮಾತ್ರ ಪರದೆಯ ಮೇಲೆ ಅಂಟಿಸಿದ ಹಾಗೆ. ದೈತ್ಯರೂ ಮನುಷ್ಯರೂ ಒಂದೇ ಚೌಕಟ್ಟಿನಲ್ಲಿ ನಿಂತಾಗ ಬೆಳಕು ಹೊಂದುವುದಿಲ್ಲ, ಯಾರು ಯಾರನ್ನು ನೋಡುತ್ತಿದ್ದಾರೆ ಎಂಬ ದೃಷ್ಟಿಯ ಗೆರೆಯೂ ಅಲ್ಲಲ್ಲಿ ತಪ್ಪುತ್ತದೆ. ದೊಡ್ಡ ಪರದೆಯಲ್ಲಿ ಹುಳುಕು ಇನ್ನಷ್ಟು ಎದ್ದು ಕಾಣುತ್ತದೆ. ಮಾತಾಡುವ ಪುಸ್ತಕವಾಗಿರುವ ಬೆನ್ನಿಯ ಉಪಾಯ ಮಾತ್ರ ಗೆದ್ದಿದೆ. ಮನೆಯ ಕಿನ್ನರಿ ಮ್ಯಾಂಡಿಯ ಮಾಂತ್ರಿಕ ಪ್ರಯೋಗ ಕೆಟ್ಟು ಅವಳ ಗೆಳೆಯನೇ ಪುಸ್ತಕವಾಗಿದ್ದಾನೆ, ಹಾಳೆ ತೆರೆದರೆ ಜಿಮಿ ಮಿಸ್ತ್ರಿ ಮುಖ ಮಾತಾಡುತ್ತದೆ. ಅಲ್ಲಿ ಓಡಾಟವಿಲ್ಲ, ಚೌಕಟ್ಟು ಚಿಕ್ಕದು, ಹಾಗಾಗಿ ಕಣ್ಣು ಸಂಶಯಪಡುವುದಿಲ್ಲ.

ಇನ್ನು ಮುಂದಿನ ಎರಡು ಪ್ಯಾರಾಗಳಲ್ಲಿ ಕೊನೆಯ ಗುಟ್ಟು ಇದೆ. ನೋಡದವರು ದಾಟಿಕೊಂಡು ಹೋಗಿ.

ಎಲಾಳ ಗುಟ್ಟು ಎಡ್ಗರ್‌ಗೆ ತಿಳಿಯುತ್ತದೆ. ಮಧ್ಯರಾತ್ರಿ ಚಾರ್‌ನನ್ನು ಇರಿದು ಕೊಲ್ಲು ಎಂದು ಅಪ್ಪಣೆ ಮಾಡುತ್ತಾನೆ. ಹೋಗದೇ ಇರಲೆಂದು ಎಲಾ ತನ್ನನ್ನೇ ಸ್ಲ್ಯಾನನ್ ಕೈಯಲ್ಲಿ ಮರಕ್ಕೆ ಸರಪಳಿ ಹಾಕಿಸಿಕೊಳ್ಳುತ್ತಾಳೆ. ನಿಯಮವನ್ನು ಚಿತ್ರ ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಇಲ್ಲಿ ಮಾತ್ರ. ಆಗ ಲುಸಿಂಡಾ ಬಂದು ಒಳ್ಳೆಯದು ಮಾಡುತ್ತಿದ್ದೇನೆಂದುಕೊಂಡು ಸರಪಳಿ ಬಿಚ್ಚಿ, ಉಡುಪು ಕೊಟ್ಟು ಅರಮನೆಗೇ ಕಳಿಸುತ್ತಾಳೆ. ಕನ್ನಡಿಗಳ ಕೋಣೆಯಲ್ಲಿ ಕಠಾರಿ ಎತ್ತಿದ ಎಲಾ ತನ್ನದೇ ಬಿಂಬ ನೋಡಿ, ಇನ್ನು ಮೇಲೆ ನೀನು ವಿಧೇಯಳಾಗಿರಬೇಕಿಲ್ಲ ಎಂದು ತನಗೇ ಅಪ್ಪಣೆ ಕೊಟ್ಟುಕೊಳ್ಳುತ್ತಾಳೆ. ಶಾಪ ಕಳಚುತ್ತದೆ. ನೋಡಲು ಅಚ್ಚುಕಟ್ಟು, ಮಕ್ಕಳಿಗೆ ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಆದರೆ ಯೋಚಿಸಿದರೆ ತೊಡಕು: ತನಗೆ ತಾನೇ ಹೇಳಿಕೊಂಡರೆ ಸಾಕು ಎಂದಾದರೆ ಇಷ್ಟು ವರ್ಷ ಮನೆಯ ಕನ್ನಡಿ ಏನು ಮಾಡುತ್ತಿತ್ತು? ಯಾವ ಮಂತ್ರಕ್ಕಿಂತಲೂ ನಿನ್ನೊಳಗಿನದು ಗಟ್ಟಿ ಎಂಬ ಅಮ್ಮನ ಮಾತನ್ನು ಮೊದಲೇ ಬಿತ್ತಿದ್ದಾರೆ ನಿಜ, ಆದರೆ ಎಲಾ ಹಿಂದೆ ಒಮ್ಮೆ ಪ್ರಯತ್ನಿಸಿ ಸೋತದ್ದನ್ನು ತೋರಿಸಿದ್ದರೆ ಈ ಗೆಲುವು ನಿಲ್ಲುತ್ತಿತ್ತು. ಮೆಚ್ಚಬೇಕಾದದ್ದು ಮರುಕ್ಷಣ: ಶಾಪ ಹೋಯಿತು, ಕಠಾರಿ ಸಿಕ್ಕಿಬಿತ್ತು, ಚಾರ್ ಅವಳನ್ನು ಸೆರೆಗೆ ತಳ್ಳಿಸುತ್ತಾನೆ. ಬಿಡುಗಡೆಗೂ ಬೆಲೆ ಕಟ್ಟಿಸಿದ್ದಾರೆ.

ಪುಸ್ತಕ ಓದಿದವರ ಸಿಟ್ಟು ಮುಖ್ಯವಾಗಿ ಇಲ್ಲಿಯದು. ಕಾದಂಬರಿಯಲ್ಲಿ ಎಡ್ಗರ್ ಎಂಬವನೇ ಇಲ್ಲ, ಕೊಲೆಯ ಸಂಚೂ ಇಲ್ಲ. ಅಲ್ಲಿ ಚಾರ್ ಪ್ರೀತಿಯಿಂದಲೇ ತನ್ನನ್ನು ಮದುವೆಯಾಗು ಎನ್ನುತ್ತಾನೆ, ಮತ್ತು ಅದೂ ಒಂದು ಅಪ್ಪಣೆಯಾಗಿಬಿಡುತ್ತದೆ. ತಾನು ಅವನ ಹೆಂಡತಿಯಾದರೆ ಯಾರು ಬೇಕಾದರೂ ತನ್ನ ಮೂಲಕ ಅವನಿಗೂ ರಾಜ್ಯಕ್ಕೂ ಕೇಡು ಮಾಡಬಹುದು ಎಂದು ಅರಿತ ಎಲಾ, ತನಗೆ ಎಲ್ಲಕ್ಕಿಂತ ಬೇಕಾದದ್ದಕ್ಕೇ ಆಗುವುದಿಲ್ಲ ಎನ್ನುತ್ತಾಳೆ. ಶಾಪ ಮುರಿಯುವುದು ಆ ನಿರಾಕರಣೆಯಿಂದ. ಕನ್ನಡಿಯ ಉಪಾಯಕ್ಕಿಂತ ಇದು ಎಷ್ಟೋ ಪಾಲು ಗಟ್ಟಿ. ಲುಸಿಂಡಾ ಪಾತ್ರದಲ್ಲೂ ಅಷ್ಟೇ: ಪುಸ್ತಕದಲ್ಲಿ ಅವಳು ತಾನೇ ವಿಧೇಯ ಹುಡುಗಿಯಾಗಿ ಬದುಕಿ ನೋಡಿ, ತನ್ನ ವರ ಎಂಥ ಕ್ರೌರ್ಯ ಎಂದು ಅನುಭವಿಸಿ ತಿಳಿಯುತ್ತಾಳೆ. ಸಿನಿಮಾದಲ್ಲಿ ಆ ಕಲಿಕೆಗೆ ಜಾಗ ಕೊಟ್ಟಿಲ್ಲ.

ನೋಡುವ ಮುನ್ನ ಕೆಲವು ವ್ಯಾವಹಾರಿಕ ಮಾತು. ಏಳು ವರ್ಷದೊಳಗಿನ ಮಕ್ಕಳಿಗೆ ಎರಡು ಜಾಗದಲ್ಲಿ ಪಕ್ಕದಲ್ಲಿ ಯಾರಾದರೂ ಬೇಕು: ಆರಂಭದ ತಾಯಿಯ ಸಾವು, ಮತ್ತು ಓಗರ್‌ಗಳು ಎಲಾಳನ್ನು ಬೇಯಿಸಿ ತಿನ್ನಲು ಹೊರಡುವ ಭಾಗ. ಎರಡನೆಯದರಲ್ಲಿ ಒರಟು ಹಾಸ್ಯವೂ ಇದೆ. ರಕ್ತಪಾತ ತೋರಿಸುವುದಿಲ್ಲ. ಎರಿಕ್ ಐಡಲ್ ಅವರ ನಿರೂಪಣೆ ಪ್ರಾಸಬದ್ಧ ಇಂಗ್ಲಿಷಿನಲ್ಲಿ ಓಡುತ್ತದೆ, ಆರಂಭದ ಕಥೆ ಅದರಲ್ಲೇ ಇದೆ. ಇಂಗ್ಲಿಷ್ ಅಷ್ಟಾಗಿ ಒಗ್ಗದ ಮಕ್ಕಳಿಗೆ ಸಬ್‌ಟೈಟಲ್ ಹಾಕಿಕೊಡಿ, ಇಲ್ಲವೇ ಮೊದಲ ಹತ್ತು ನಿಮಿಷ ಪಕ್ಕದಲ್ಲಿ ಕೂತು ಹೇಳಿಕೊಡಿ. ಅಪ್ಪಣೆ ಎಲ್ಲಿ ಕೊಟ್ಟರು ಎಂಬುದು ತಪ್ಪಿಹೋದರೆ ಆ ತಮಾಷೆಯೂ ತಪ್ಪಿದಂತೆಯೇ.

ಸಿನಿಮಾ ಮೊದಲೋ ಪುಸ್ತಕ ಮೊದಲೋ ಎಂಬುದಕ್ಕೆ ನನ್ನ ಸಲಹೆ ಸ್ಪಷ್ಟ: ಸಿನಿಮಾ ಮೊದಲು. ಪುಸ್ತಕ ಮೊದಲಾದರೆ ಪ್ರತಿ ದೃಶ್ಯದಲ್ಲೂ ಬಿಟ್ಟದ್ದರ ಲೆಕ್ಕ ಶುರುವಾಗುತ್ತದೆ. ಪತ್ರವ್ಯವಹಾರದಲ್ಲಿ ಬೆಳೆಯುವ ಪ್ರೀತಿ ಇಲ್ಲ, ಓಗರ್‌ಗಳ ಭಾಷೆ ಕಲಿತು ಬಳಸುವ ಎಲಾಳ ಜಾಣತನ ಇಲ್ಲ. ಸಿನಿಮಾ ಮೊದಲಾದರೆ ಹಾಡಿಗೂ ಹ್ಯಾಥವೇಗೂ ಪೂರಾ ಮನಸ್ಸು ಕೊಟ್ಟು ನೋಡಬಹುದು, ಆಮೇಲೆ ಪುಸ್ತಕ ಹೊಸ ಕಥೆಯಾಗಿಯೇ ಸಿಗುತ್ತದೆ. 1998ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯ ಗೌರವವಾದ ನ್ಯೂಬೆರಿ ಆನರ್ ಪಡೆದ ಕಾದಂಬರಿ ಅದು. ಇಂಗ್ಲಿಷಿನಲ್ಲಿ ಸಲೀಸಾಗಿ ಓದುವ ಹತ್ತು ವರ್ಷದವರು ಯಾರ ಸಹಾಯವೂ ಇಲ್ಲದೆ ಮುಗಿಸಬಲ್ಲರು.