ರೂಟರಿನ ಪುಟ್ಟ ಯುಪಿಎಸ್: ಮೂರು ಮಳೆಗಾಲ ಕಳೆದ ಮೇಲೆ

ಕೊಡಗಿನ ನಾಪೋಕ್ಲು ಹತ್ತಿರದ ತೋಟದ ಮನೆಯಲ್ಲಿ ಕುಳಿತು ನಾನು ಏಳು ಜನರ ತಂಡವೊಂದನ್ನು ನಡೆಸುತ್ತೇನೆ. ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ ನಮ್ಮದು. ಜೊತೆಯವರು ಮೈಸೂರು, ಹುಬ್ಬಳ್ಳಿ, ಕಲಬುರಗಿಗಳಲ್ಲಿದ್ದಾರೆ. ಜೂನ್ ಬಂತೆಂದರೆ ನನಗೆ ಕರೆಂಟಿನದೇ ಚಿಂತೆ. ದೊಡ್ಡ ಇನ್ವರ್ಟರ್ ಹಾಕಿಸುವಷ್ಟು ದುಡ್ಡು ಆಗ ಕೈಯಲ್ಲಿರಲಿಲ್ಲ. ಕರೆಂಟು ಹೋದಾಗ ಇಂಟರ್ನೆಟ್ಟಿನ ರೂಟರನ್ನು ಮಾತ್ರ ಬ್ಯಾಟರಿಯಲ್ಲಿ ನಡೆಸುವ 12 ವೋಲ್ಟಿನ ಯುಪಿಎಸ್ಸನ್ನು 1,600 ರೂಪಾಯಿಗೆ ತರಿಸಿದೆ.

ಬೆಳಿಗ್ಗೆ ಒಲೆಯ ಮೇಲೆ ಬೆಲ್ಲದ ಕಾಫಿ ಕುದಿಯುವ ಹೊತ್ತಿಗೆ ಅದನ್ನು ಒಣಬಟ್ಟೆಯಿಂದ ಒರೆಸುವುದು ನನ್ನ ದಿನದ ಮೊದಲ ಕೆಲಸ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಗೂ ಬೂಷ್ಟು ಹಿಡಿಯುತ್ತದೆ. ಒಮ್ಮೆ ವಾರವಿಡೀ ಒರೆಸದೆ ಬಿಟ್ಟದ್ದಕ್ಕೆ ಜ್ಯಾಕಿನ ಪಿನ್ನಿಗೆ ಹಸಿರು ಕಿಲುಬು ಕಟ್ಟಿತ್ತು. ಅಷ್ಟು ಜೋಪಾನ ಮಾಡಲು ಕಾರಣವಿದೆ: ಮೊದಲ ಮಳೆಗಾಲದಲ್ಲಿ ಅದು ಕೊಟ್ಟ ನೆಮ್ಮದಿ ಸಣ್ಣದಲ್ಲ. ಹತ್ತು ಗಂಟೆಯ ವಿಡಿಯೋ ಸಭೆಯ ನಡುವೆ ಮನೆಯ ದೀಪಗಳೆಲ್ಲ ಆರಿದರೂ ಅದರ ಹಸಿರು ದೀಪ ಉರಿಯುತ್ತಿತ್ತು, ಮಾತು ತುಂಡಾಗುತ್ತಿರಲಿಲ್ಲ.

ಆದರೆ ಆ ಧೈರ್ಯದಲ್ಲಿ ನಾನು ಸಭೆಗಳನ್ನು ಹೆಚ್ಚಿಸುತ್ತಾ ಹೋದೆ. ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು, ಸಂಜೆ ಒಂದು. ಮುಖ ಕಾಣದಿದ್ದರೆ ಕೆಲಸ ನಡೆಯುತ್ತಿಲ್ಲವೇನೋ ಎಂಬ ಅಳುಕು. ಪ್ರತಿ ಸಣ್ಣ ವಿಷಯಕ್ಕೂ ನನ್ನ ಬಾಯಿಂದಲೇ ‘ಸರಿ’ ಬರಬೇಕಿತ್ತು. ಆಗಸ್ಟಿನ ಒಂದು ರಾತ್ರಿ ಸಿಲ್ವರ್ ಓಕಿನ ಕೊಂಬೆ ಮುರಿದು, ಕರೆಂಟಿನ ಕಂಬಗಳ ಮೇಲೆಯೇ ಎಳೆದಿದ್ದ ಫೈಬರ್ ಕೇಬಲ್ಲಿನ ಮೇಲೆ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಯುಪಿಎಸ್ಸಿನ ಹಸಿರು ದೀಪ ಉರಿಯುತ್ತಿದೆ, ಪಕ್ಕದಲ್ಲೇ ಮೋಡೆಮ್ಮಿನ ‘ಎಲ್‌ಒಎಸ್’ ದೀಪ ಕೆಂಪಗೆ ಮಿಟುಕುತ್ತಿದೆ. ಅದು ಕೆಂಪಾಯಿತೆಂದರೆ ಗಾಜಿನ ಎಳೆಯಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಯಾವ ಬ್ಯಾಟರಿಯೂ ಅದಕ್ಕೆ ಮದ್ದಲ್ಲ. ಟವರಿನ ಬ್ಯಾಟರಿ ಮುಗಿದು ಮೊಬೈಲೂ ಸತ್ತಿತ್ತು. ಹೀಗೆ ನಾಲ್ಕು ದಿನ. ಐದನೆಯ ದಿನ ನೋಡಿದರೆ ತಂತ್ರಾಂಶದ ಎರಡು ಬಿಡುಗಡೆಗಳು ನನ್ನ ಒಂದು ‘ಸರಿ’ಗಾಗಿ ನಿಂತಿದ್ದವು, ಏಳು ಜನ ಕೈಕಟ್ಟಿ ಕುಳಿತಿದ್ದರು. ತಪ್ಪು ಅವರದಲ್ಲ. ಹಾಗೆ ಕೂರುವಂತೆ ಪದ್ಧತಿ ಕಟ್ಟಿದವಳು ನಾನು.

ಅದನ್ನು ಬದಲಿಸಿದೆ. ತೀರ್ಮಾನಗಳಿಗೆಲ್ಲ ಎಲ್ಲರೂ ತೆರೆದು ಬರೆಯಬಹುದಾದ ಒಂದೇ ಕಡತ: ಏನು ನಿರ್ಧಾರ, ಯಾರದು, ಯಾಕೆ. ನನ್ನನ್ನು ಕೇಳದೆ ಯಾರು ಎಲ್ಲಿಯವರೆಗೆ ನಿರ್ಧರಿಸಬಹುದು ಎಂಬುದೂ ಅಲ್ಲೇ ಇದೆ. ಒಂದು ದಿನದೊಳಗೆ ನನ್ನಿಂದ ಉತ್ತರ ಬಾರದಿದ್ದರೆ ಕೆಲಸ ಮುಂದುವರಿಸಬೇಕು. ಎಲ್ಲರೂ ದೂರದಿಂದಲೇ ಕೆಲಸ ಮಾಡುವ ಗಿಟ್‌ಲ್ಯಾಬ್ ಕಂಪನಿ ತನ್ನ ಕೆಲಸದ ಕೈಪಿಡಿಯನ್ನು ಯಾರು ಬೇಕಾದರೂ ಓದುವಂತೆ ಜಾಲತಾಣದಲ್ಲಿ ಇಟ್ಟಿದೆ. ಬರೆದಿಡುವ ರೂಢಿಯನ್ನು ನಾನು ಕಲಿತದ್ದು ಅಲ್ಲಿಂದ. ದಿನಕ್ಕೆ ಮೂರಿದ್ದ ಸಭೆ ವಾರಕ್ಕೊಂದಾಯಿತು.

ಮರುವರ್ಷದ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಮತ್ತೆ ಮೂರು ದಿನ ಕೆಂಪು ದೀಪ. ಸಂಪರ್ಕ ಬಂದ ರಾತ್ರಿ ಕಡತ ತೆರೆದೆ. ಹುಬ್ಬಳ್ಳಿಯ ಹುಡುಗಿ, ತಂಡ ಸೇರಿ ಎಂಟೇ ತಿಂಗಳಾದವಳು, ಬರೆದಿದ್ದಳು: “ರಿಯಾಯಿತಿ ಕೊಟ್ಟ ಬಿಲ್ಲಿನಲ್ಲಿ ಮಾತ್ರ ಜಿಎಸ್‌ಟಿ ಸಾಲು ಎರಡು ಸಲ ಅಚ್ಚಾಗುತ್ತಿದೆ. ಇಂದಿನ ಬಿಡುಗಡೆ ನಿಲ್ಲಿಸಿದ್ದೇನೆ. ಬಿಲ್ಲಿನ ಚಿತ್ರ ಕೆಳಗಿದೆ. ತಪ್ಪಾಗಿದ್ದರೆ ಹೇಳಿ ಅಕ್ಕಾ.” ಅದರ ಕೆಳಗೆ ಕಲಬುರಗಿಯವರು ದೋಷದ ಜಾಡು ಹಿಡಿದ ವಿವರ, ಮೈಸೂರಿನವರು ಮರುಪರೀಕ್ಷೆ ಮುಗಿಸಿದ ಹೊತ್ತು. ಸಭೆಗಳಲ್ಲಿ ಆ ಹುಡುಗಿ ಬಾಯಿ ಬಿಟ್ಟದ್ದನ್ನೇ ನಾನು ಕೇಳಿರಲಿಲ್ಲ. ಕಣ್ಣು ತುಂಬಿ ಬಂದು ಮತ್ತೊಮ್ಮೆ ಮೊದಲಿನಿಂದ ಓದಿದೆ.

ಹಾಗಾದರೆ ಯುಪಿಎಸ್ ಬೇಕೇ? ಖಂಡಿತ ಬೇಕು. ಗುರುವಾರ ಸಂಜೆ ಒಬ್ಬೊಬ್ಬರೊಡನೆ ಹದಿನೈದು ನಿಮಿಷ ಮಾತನಾಡುತ್ತೇನೆ, ವಿಡಿಯೋ ಇಲ್ಲದೆ. ಅಮ್ಮನಿಗೆ ಹುಷಾರಿಲ್ಲ, ರಾತ್ರಿ ನಿದ್ದೆ ಬರುತ್ತಿಲ್ಲ, ಬೇರೆ ಕೆಲಸ ಹುಡುಕಲೇ ಎಂದು ಯೋಚಿಸುತ್ತಿದ್ದೇನೆ: ಇಂಥದ್ದನ್ನು ಯಾರೂ ಕಡತದಲ್ಲಿ ಬರೆಯುವುದಿಲ್ಲ. ಹೇಳಲು ಬಾಯಿ ತೆರೆದಾಗಲೇ ಸಂಪರ್ಕ ಕಡಿದರೆ ಮತ್ತೆ ಆ ಮಾತು ಬರುವುದಿಲ್ಲ. ಏಳು ಜನಕ್ಕೆ ಒಂದೂಮುಕ್ಕಾಲು ಗಂಟೆ ಬೇಕು. ನನ್ನ ಬೇಸರವಿರುವುದು ಇಲ್ಲೇ. ಮೊದಲು ನಾಲ್ಕು ಗಂಟೆ ಬರುತ್ತಿದ್ದ ಯುಪಿಎಸ್ ಮೂರನೆಯ ವರ್ಷ 50 ನಿಮಿಷಕ್ಕೆ ಇಳಿಯಿತು. ಮಾರಿದವರನ್ನು ಕೇಳಿದರೆ ಹೊಸದು ಕೊಳ್ಳಿ ಎಂದರು. ಒಳಗಿರುವುದು ‘18650’ ಎಂಬ ಅಳತೆಯ ಮೂರು ಲಿಥಿಯಂ ಸೆಲ್‌ಗಳು, ಅಷ್ಟೇ. ಆದರೆ ಪೆಟ್ಟಿಗೆಗೆ ಸ್ಕ್ರೂ ಇಲ್ಲ, ಅಂಟು ಹಾಕಿ ಮುಚ್ಚಿದ್ದಾರೆ. ಮಡಿಕೇರಿಯ ರಿಪೇರಿ ಅಂಗಡಿಯವರು ಅರ್ಧ ದಿನ ಹೆಣಗಿ ಬಿಚ್ಚಿ, 700 ರೂಪಾಯಿಗೆ ಸೆಲ್ ಬದಲಿಸಿಕೊಟ್ಟರು. ಈಗ ಮೂರೂವರೆ ಗಂಟೆ ಬರುತ್ತಿದೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕೊಳ್ಳುವವರು ಸ್ಕ್ರೂ ಇರುವುದನ್ನೇ ಕೊಳ್ಳಿ. ಮೇ ತಿಂಗಳಲ್ಲೇ ಒಮ್ಮೆ ಪ್ಲಗ್ ಕಿತ್ತು, ಗಡಿಯಾರ ಹಿಡಿದು, ಎಷ್ಟು ಹೊತ್ತು ಬರುತ್ತದೆ ಎಂದು ನೋಡಿಕೊಳ್ಳಿ. ಜುಲೈಯಲ್ಲಿ ಗೊತ್ತಾದರೆ ಮಡಿಕೇರಿಗೆ ಹೋಗಲು ರಸ್ತೆ ಇರುತ್ತದೆಂಬ ಭರವಸೆಯಿಲ್ಲ.