ಹುಬ್ಬಳ್ಳಿಯಿಂದ ತಂದ ಟೇಬಲ್ ಸಾ ಮತ್ತು ಅದರ ಬ್ಲೇಡುಗಳು

ಧಾರವಾಡದ ನಮ್ಮ ಮನೆಯ ಹಿತ್ತಲಿನ ಶೆಡ್ಡಿಗೆಂದು ಹುಬ್ಬಳ್ಳಿಯ ಅಂಗಡಿಯೊಂದರಿಂದ ತಂದ, 10 ಇಂಚಿನ ಬ್ಲೇಡಿನ ಟೇಬಲ್ ಸಾ (ಮೇಜಿನ ನಡುವಿನಿಂದ ಮೇಲೆದ್ದ ದುಂಡು ಬ್ಲೇಡಿನಿಂದ ಮರ ಕೊಯ್ಯುವ) ಯಂತ್ರವನ್ನು ಆರು ತಿಂಗಳು ಬಳಸಿದ್ದೇನೆ. ಕೊಳ್ಳುವಾಗ ಮೋಟರಿನ ಶಕ್ತಿಗಿಂತ ಮೊದಲು ಫೆನ್ಸ್, ಅಂದರೆ ಹಲಗೆಯನ್ನು ಒತ್ತಿ ನೇರವಾಗಿ ಸರಿಸಲು ಇರುವ ಆಸರೆ ಪಟ್ಟಿ, ನೋಡಬೇಕು. ಬಿಗಿದಾಗ ಅದು ಬ್ಲೇಡಿಗೆ ಸಮಾಂತರವಾಗಿ ನಿಲ್ಲದಿದ್ದರೆ ಹಲಗೆ ಸಿಕ್ಕಿಕೊಂಡು ನಮ್ಮತ್ತಲೇ ಚಿಮ್ಮೀತು. ನನ್ನದರ ಫೆನ್ಸ್ ಎರಡೂ ತುದಿಯಲ್ಲಿ ಗಟ್ಟಿಯಾಗಿ ಕಚ್ಚುತ್ತದೆ. ಆದರೆ ಜೊತೆಗೆ ಬಂದಿದ್ದ 40 ಹಲ್ಲಿನ ಬ್ಲೇಡಿನಲ್ಲಿ ಒಂದೂವರೆ ಇಂಚು ದಪ್ಪದ ಸಾಗವಾನಿಯನ್ನು ಉದ್ದಕ್ಕೆ ಸೀಳಿದಾಗ ಅಂಚು ಕಂದುಗಟ್ಟಿ ಸುಟ್ಟ ವಾಸನೆ ಬಂತು. 24 ಹಲ್ಲಿನದನ್ನು ಹಾಕಿದ ಮೇಲೆ ಅದೇ ಹಲಗೆ ಹಗುರಾಗಿ ಸರಿಯಿತು, ಏಕೆಂದರೆ ಹಲ್ಲುಗಳ ನಡುವಿನ ಅಗಲವಾದ ತೆರಪು ಹೊಟ್ಟನ್ನು ಬೇಗ ಹೊರಹಾಕುತ್ತದೆ. ಪ್ಲೈವುಡ್ಡಿಗೆ 60 ಅಥವಾ 80 ಹಲ್ಲಿನದು ಲೇಸು. ರೈವಿಂಗ್ ನೈಫ್ (ಬ್ಲೇಡಿನ ಹಿಂದೆಯೇ ನಿಲ್ಲುವ ತೆಳು ಲೋಹದ ತಗಡು) ಇಲ್ಲದ ಯಂತ್ರವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ದಯವಿಟ್ಟು ಕೊಳ್ಳಬೇಡಿ. ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವುದು ಆ ತಗಡೇ.