ದೇವರನ್ನು ನಂಬದವನು ತಗೊಂಡ ಗೃಹಪ್ರವೇಶದ ಪ್ಯಾಕೇಜ್

ಮೊದಲೇ ಹೇಳಿಬಿಡುತ್ತೇನೆ, ನನಗೆ ದೇವರು ದಿಂಡರು ಯಾವುದರಲ್ಲೂ ನಂಬಿಕೆ ಇಲ್ಲ. ಆದರೆ ಹಾಸನದ ಸಾಲಗಾಮೆ ರಸ್ತೆ ಕಡೆ ಕಟ್ಟಿಸಿದ ಮನೆಗೆ ಹೋಮ ಆಗದೆ ಕಾಲಿಡಲ್ಲ ಎಂದು ಅವ್ವ ಹಟ ಹಿಡಿದಳು. ಸೈಟಿಗೆ ಅರ್ಧ ದುಡ್ಡು ಅವಳದೇ, ವಾದ ಮಾಡುವ ಹಾಗೂ ಇರಲಿಲ್ಲ. ಪುರೋಹಿತರು, ಸಾಮಗ್ರಿ, ಹಸು ಕರು ಎಲ್ಲ ಒಟ್ಟಿಗೆ ಕೊಡುವ ಒಂದು ಕಡೆ ಪ್ಯಾಕೇಜ್ ತಗೊಂಡೆ. ಗಣಹೋಮ, ವಾಸ್ತುಹೋಮ, ಸತ್ಯನಾರಾಯಣ ಪೂಜೆ, ಮೂವರು ಪುರೋಹಿತರು, 22,000 ರೂಪಾಯಿ. ಅವರ ಹೆಸರು ಹಾಕುತ್ತಿಲ್ಲ, ಯಾಕೆ ಅಂತ ಟೈಲಿನ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಬುಕ್ ಮಾಡುವಾಗಲೇ ಹಿರಿಯ ಪುರೋಹಿತರಿಗೆ ಫೋನ್ ಮಾಡಿ ಕೇಳಿದೆ. "ಐನೋರೇ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ನಾನು ಕೂತರೆ ನಡೆಯುತ್ತಾ?"

"ಬೆಳಿಗ್ಗೆ ನಾಲ್ಕೂವರೆಗೆ ಸ್ನಾನ ಮಾಡಿ ಮಣೆ ಮೇಲೆ ಕೂತಿರ್ತೀರಾ?"

ಇರ್ತೀನಿ ಎಂದೆ. "ಅಷ್ಟು ಸಾಕು ಬಿಡಿ ಗೌಡ್ರೇ." ಈ ಒಂದು ಮಾತಿಗೇ ಅಡ್ವಾನ್ಸ್ ಹಾಕಿದೆ.

ಹೇಳಿದ ಟೈಮಿಗೆ ಸರಿಯಾಗಿ ಬಂದರು. ಹಸು ಮಾತ್ರ ಮೂರು ಮೆಟ್ಟಿಲು ಹತ್ತಲು ಒಪ್ಪಲಿಲ್ಲ, ಹತ್ತಿದ ಮೇಲೆ ಟೈಲ್ ಮೇಲೆ ಗೊರಸು ಜಾರಲು ಶುರುವಾಯಿತು. ಹಸುವಿನವನು ತಾನೇ ಗೋಣಿಚೀಲ ತಂದಿದ್ದ, ಬಾಗಿಲಿಂದ ಹಾಲ್‌ವರೆಗೆ ಹಾಸಿಬಿಟ್ಟ. ಕೆಲಸ ಬಲ್ಲವನು. ಹಸು ಹಾಲ್ ಮಧ್ಯ ಸಗಣಿ ಹಾಕಿತು, ನೆಂಟರೆಲ್ಲ ಒಳ್ಳೇದಾಯ್ತು ಒಳ್ಳೇದಾಯ್ತು ಎಂದರು, ಬಾಚಿದ್ದು ನಾನು.

ನನಗೆ ತುಂಬಾ ಹಿಡಿಸಿದ್ದು ಸಂಕಲ್ಪ. ಇಷ್ಟು ವರ್ಷ ಮದುವೆ ಮುಂಜಿಗಳಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ಫೋನ್ ನೋಡಿದವನು, ಈ ಸಲ ಎದುರಿಗೇ ಕೂತು ಕೇಳಿದೆ. ಅದು ಪಕ್ಕಾ ಒಂದು ವಿಳಾಸ. ಶ್ವೇತವರಾಹ ಕಲ್ಪದಿಂದ ಶುರುವಾಗಿ ಮನ್ವಂತರ, ಕಲಿಯುಗ, ಜಂಬೂದ್ವೀಪ, ಭರತಖಂಡ ಅಂತ ಇಳಿಯುತ್ತಾ ಇಳಿಯುತ್ತಾ ಇವತ್ತಿನ ತಿಥಿಗೆ, ನನ್ನ ಹೆಸರಿಗೆ ಬಂದು ನಿಲ್ಲುತ್ತದೆ. ಪಿನ್‌ಕೋಡ್ ಒಂದಿಲ್ಲ. ನಡುವೆ "ಬೌದ್ಧಾವತಾರೇ" ಅಂತಲೂ ಬರುತ್ತದೆ, ದೇವರ ಗೊಡವೆಗೆ ಹೋಗದ ಬುದ್ಧನ ಹೆಸರಿನಲ್ಲೇ ನಮ್ಮ ಮನೆ ಪೂಜೆಯ ಕಾಲ ಹೇಳಿದ್ದು ನೋಡಿ ನಗು ಬಂತು. "ಗೋದಾವರ್ಯಾಃ ದಕ್ಷಿಣೇ ತೀರೇ" ಎಂದಾಗ ತಡೆಯಲಾಗದೆ ಕೇಳಿಯೇ ಬಿಟ್ಟೆ, ನಲ್ಲಿಯಲ್ಲಿ ಬರೋದು ಹೇಮಾವತಿ ನೀರು, ಗೋದಾವರಿ ಎಲ್ಲಿಂದ ಬಂತು ಐನೋರೇ? ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕಳಶಕ್ಕೆ ನದಿಗಳನ್ನು ಕರೆಯುವಾಗ ಗಂಗೆ, ಯಮುನೆ, ಕಾವೇರಿ ಆದಮೇಲೆ ನನ್ನ ಕಡೆ ನೋಡಿ ಹೇಮಾವತಿಯನ್ನೂ ಸೇರಿಸಿದರು. ಗೋತ್ರ ಕೇಳಿದಾಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಕಾಶ್ಯಪ ಎಂದು ಮುಂದೆ ಹೋದರು.

ಆಹುತಿ ಹಾಕಿದಾಗೆಲ್ಲ "ನ ಮಮ", ಅಂದರೆ ನನ್ನದಲ್ಲ, ಎಂದು ಹೇಳಬೇಕು. ಮನೆ ಇನ್ನೂ 18 ವರ್ಷ ಬ್ಯಾಂಕಿನದು, ಹಾಗಾಗಿ ಅದೊಂದನ್ನು ಪೂರ್ತಿ ನಂಬಿಕೆಯಿಂದ ಹೇಳಿದೆ.

ನಂಬುವವರಿಗೆ ಒಂದು ಅನುಕೂಲ ಇದೆ. ಮಂತ್ರ ಅರ್ಧ ನುಂಗಿದರೂ, ಸಾಮಗ್ರಿ ಒಂದೆರಡು ಕಮ್ಮಿ ಬಿದ್ದರೂ ದೇವರು ಒಪ್ಪಿಸಿಕೊಳ್ಳುತ್ತಾನೆ ಬಿಡಿ ಎನ್ನುತ್ತಾರೆ. ನನ್ನ ಪರವಾಗಿ ಅಡ್ಜಸ್ಟ್ ಮಾಡಿಕೊಳ್ಳಲು ಮೇಲೆ ಯಾರೂ ಇಲ್ಲವಲ್ಲ. ಕಣ್ಣೆದುರು ನಡೆಯುವ ಕೆಲಸ ಎಷ್ಟು ನೀಟೋ ಅಷ್ಟೇ ನನಗೆ ಸಿಕ್ಕಿದ್ದು. ಆ ಲೆಕ್ಕದಲ್ಲಿ ಹಿರಿಯರದು ನೂರಕ್ಕೆ ನೂರು. ಸತ್ಯನಾರಾಯಣ ಕಥೆಯ ಐದೂ ಅಧ್ಯಾಯ ಬಿಡದೆ ಕನ್ನಡದಲ್ಲಿ ಹೇಳಿದರು. ಹರಕೆ ಮುಂದೂಡಿದ ಸಾಧು ಶೆಟ್ಟಿಗೆ ಜೈಲು, ಪ್ರಸಾದ ತಿನ್ನದೆ ಓಡಿದ ಮಗಳ ಗಂಡನ ದೋಣಿ ಮಾಯ. ಬಾಕಿ ವಸೂಲಿಯಲ್ಲಿ ನಮ್ಮ ಬ್ಯಾಂಕಿನವರೇ ವಾಸಿ. ಸಜ್ಜಿಗೆ ಮಾತ್ರ ಸೂಪರ್: ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲ ಒಂದೂಕಾಲು ಅಳತೆ. ಅಷ್ಟು ತುಪ್ಪ ಬಿದ್ದರೆ ನಾಸ್ತಿಕನೂ ಎರಡು ಸಲ ಕೈ ಚಾಚುತ್ತಾನೆ, ನಾನು ಮೂರು ಸಲ ಚಾಚಿದೆ.

ಈಗ ಟೈಲ್. ಹೋಮಕುಂಡ ಅಂದರೆ ತಗಡಿನ ತಟ್ಟೆ. ಕೆಳಗೆ ಎರಡು ಸಾಲು ಇಟ್ಟಿಗೆ, ಮೇಲೆ ದಪ್ಪಗೆ ಮರಳು ಬೇಕು. ಪ್ಯಾಕೇಜಿನವರು ಕಳಿಸಿದ್ದು ಆರು ಇಟ್ಟಿಗೆ, ಅರ್ಧ ಚೀಲ ಮರಳು. ವಾಸ್ತುಹೋಮದ ನಡುವೆ ಟಪ್ ಎಂದು ಸದ್ದಾಯಿತು. ಕಾಯಿ ಸಿಡಿಯಿತು ಅಂದುಕೊಂಡೆ. ಬೂದಿ ತೆಗೆದ ಮೇಲೆ ನೋಡಿದರೆ ಎರಡಡಿ ಟೈಲ್ ಮೂಲೆಯಿಂದ ಮೂಲೆಗೆ ಸೀಳಿದೆ. ಫೋನ್ ಮಾಡಿದರೆ ಆಫೀಸಿನವನು "ದೃಷ್ಟಿ ಹೋಯ್ತು ಅನ್ಕೊಳಿ ಸಾರ್" ಎಂದ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಸಿದ್ದು ಮತ್ಯಾಕೆ? ಅವ್ವ ಮಾತ್ರ ಅವನ ಪಾರ್ಟಿ. ಮನೆಗೆ ಬರಬೇಕಾದ್ದು ಟೈಲಿಗೆ ಹೋಯಿತಂತೆ.

ಇನ್ನೊಂದು ತಕರಾರು, ದಕ್ಷಿಣೆ ಸೇರಿದೆ ಎಂದು ಹೇಳಿ ಕಿರಿಯ ಪುರೋಹಿತರು ಹೋಮಕ್ಕೊಂದು ಸಲ ತಟ್ಟೆ ಮುಂದೆ ತಳ್ಳಿದ್ದು. ನೆಂಟರ ಎದುರು ಇಲ್ಲ ಅನ್ನಕ್ಕಾಗುತ್ತಾ? 2,000 ಮೇಲೆ ಹೋಯಿತು.

ಪ್ಯಾಕೇಜಿಗೆ ಐದಕ್ಕೆ ಮೂರು. ಹಿರಿಯ ಐನೋರಿಗೆ ಐದು. ತಂಗಿ ಮನೆ ಕೆಲಸ ಮುಗಿಯುತ್ತಾ ಬಂದಿದೆ, ಅವರ ನಂಬರ್ ಮಾತ್ರ ಕೊಟ್ಟಿದ್ದೇನೆ, ಜೊತೆಗೆ ನಮ್ಮ ಮನೆ ಕಟ್ಟಿ ಮಿಕ್ಕಿದ್ದ ನಲವತ್ತು ಇಟ್ಟಿಗೆ.